ಲಕ್ವ ಹೊಡೆದ ಕೈಯೂ ಯೋಚಿಸುವ ಮಿದುಳೂ

ಕಳೆದ ವರ್ಷದ ಮಳೆಗಾಲದಲ್ಲಿ ನಿವೃತ್ತ ಪ್ರಾಥಮಿಕ ಶಾಲೆಯ ಮೇಷ್ಟ್ರೊಬ್ಬರನ್ನು ಮಗ, ಸೊಸೆ ಆಟೋದಲ್ಲಿ ಕೂರಿಸಿಕೊಂಡು ನನ್ನ ಕ್ಲಿನಿಕ್ಕಿಗೆ ಕರೆತಂದರು. ಏಳು ತಿಂಗಳ ಹಿಂದೆ ಅವರಿಗೆ ಲಕ್ವ ಹೊಡೆದಿತ್ತು. ಮಿದುಳಿನ ಎಡಭಾಗದ ರಕ್ತನಾಳವೊಂದು ಕಟ್ಟಿಕೊಂಡು ಬಲಗೈ, ಬಲಗಾಲು ಸ್ವಾಧೀನ ತಪ್ಪಿದ್ದವು. ಮಾತು ಸ್ವಲ್ಪ ತೊದಲುತ್ತಿದ್ದರೂ ಉಳಿದಿತ್ತು. ಕಾಲು ಒಂದಿಷ್ಟು ಬಂದಿತ್ತು; ಎಡಗೈಯಲ್ಲಿ ಕೋಲು ಹಿಡಿದು ಬಚ್ಚಲುಮನೆಯವರೆಗೆ ಹೋಗಿಬರುತ್ತಿದ್ದರು. ಬಲಗೈ ಮಾತ್ರ ಎದೆಗೆ ಒತ್ತಿಕೊಂಡು ಮುದುಡಿತ್ತು. ಅವರು ಬಂದದ್ದು ಬಿ.ಪಿ. ಮಾತ್ರೆ ಬರೆಸಿಕೊಳ್ಳಲು. ಹೊರಡುವ ಹೊತ್ತಿಗೆ ಸೊಸೆ ಹಿಂದುಳಿದು ಮೆಲ್ಲನೆ ಕೇಳಿದರು: "ಡಾಕ್ಟ್ರೇ, ಇನ್ನೊಂದು ವಿಷಯ. ಮಾವ ದಿನವಿಡೀ ಗೋಡೆ ನೋಡಿಕೊಂಡು ಕೂತಿರ್ತಾರೆ. ಏನು ಮಾಡ್ತಿದ್ದೀರಿ ಅಂದ್ರೆ ಬೋರ್ಡಿನ ಮೇಲೆ ಬರೀತಿದ್ದೀನಿ ಅಂತಾರೆ. ಮನಸ್ಸಿನಲ್ಲೇ ಬರೆಯೋದಂತೆ. ತಲೆಗೆ ಏನಾದ್ರೂ ಆಗಿದೆಯಾ?"

"ತಲೆಗೆ ಏನೂ ಆಗಿಲ್ಲಮ್ಮಾ. ಮೇಷ್ಟ್ರು ಮಾಡುತ್ತಿರುವುದು ಸರಿಯಾದ ಕೆಲಸವೇ. ನಾವ್ಯಾರೂ ಅದನ್ನು ಅವರಿಗೆ ಹೇಳಿಕೊಟ್ಟಿರಲಿಲ್ಲ, ಅಷ್ಟೆ" ಎಂದೆ. ಆಕೆ ನಂಬಿದಂತೆ ಕಾಣಲಿಲ್ಲ. ನೀವೂ ನಂಬಲಿಕ್ಕಿಲ್ಲ. ಆದ್ದರಿಂದ ಈ ವಾರ ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವೃತ್ತಿಗೆ ಇಳಿದ ಹೊಸದರಲ್ಲಿ ಇಂಥದೇ ಇನ್ನೊಬ್ಬ ರೋಗಿಯ ಮನೆಯವರು ಕೈ ಬರುತ್ತದೆಯೇ ಎಂದು ಕೇಳಿದ್ದರು. "ಆರು ತಿಂಗಳಲ್ಲಿ ಎಷ್ಟು ಬರುತ್ತದೋ ಅಷ್ಟೆ. ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ" ಎಂದು ನಾನು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೆ. ಓದುವಾಗ ನಾನು ಬಾಯಿಪಾಠ ಮಾಡಿದ್ದೂ ಅದನ್ನೇ. ಆ ಮನುಷ್ಯ ದರ್ಜಿ. ನನ್ನ ಮಾತು ಕೇಳಿದ ಮೇಲೆ ಮನೆಯವರು ಫಿಸಿಯೋಥೆರಪಿ ನಿಲ್ಲಿಸಿದರು, ಕೈಯನ್ನು ದಿಂಬಿನ ಮೇಲೆ ಇಟ್ಟು ಬಿಟ್ಟರು, ಎರಡು ತಿಂಗಳಿಗೆ ಹೊಲಿಗೆ ಯಂತ್ರವನ್ನೂ ಮಾರಿದರು. ಆ ಕೈ ಖಂಡಿತ ಬರುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಬರುವುದಿಲ್ಲ ಎಂದು ಹೇಳುವ ಅಧಿಕಾರ ನನಗಿರಲಿಲ್ಲ.

ಹಳೆಯ ಪಾಠ

ಈ ಪಾಠ ಎಲ್ಲಿಂದ ಬಂತು? ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಹಾಲ್ ಎಂಬ ಮಹಾವಿಜ್ಞಾನಿ ಸೂಕ್ಷ್ಮದರ್ಶಕದಡಿ ನರಕೋಶಗಳನ್ನು ನೋಡಿ, ಒಂದೊಂದರ ಚಿತ್ರವನ್ನೂ ಕೈಯಾರೆ ಬರೆದಿಟ್ಟವರು. 1906ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂತು. ಬೆಳೆದ ಮನುಷ್ಯನ ಮಿದುಳಿನಲ್ಲಿ ನರಮಾರ್ಗಗಳು ಸ್ಥಿರವಾಗಿಬಿಟ್ಟಿರುತ್ತವೆ, ಅಲ್ಲಿ ಸತ್ತದ್ದು ಮತ್ತೆ ಚಿಗುರುವುದಿಲ್ಲ ಎಂದು ಅವರು ಬರೆದರು. ಬರೆದವರು ಅಷ್ಟು ದೊಡ್ಡವರಾದ್ದರಿಂದ ಆ ಮಾತು ಮುಂದೆ ಹಲವು ದಶಕ ಪಠ್ಯಪುಸ್ತಕಗಳಲ್ಲಿ ಕೂತುಬಿಟ್ಟಿತು. ಭವಿಷ್ಯದ ವಿಜ್ಞಾನ ಇದನ್ನು ಬದಲಿಸಲಿ ಎಂಬ ಆಶೆಯನ್ನೂ ಅವರು ಅಲ್ಲೇ ಹೇಳಿದ್ದರು. ಪಠ್ಯಪುಸ್ತಕ ಬರೆದವರು ಅದನ್ನು ಮರೆತರು.

ಸತ್ತ ನರಕೋಶ ಸತ್ತಂತೆಯೇ, ನಿಜ. ಆದರೆ ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಒಂದಕ್ಕೊಂದು ಕೈಕೊಟ್ಟು ನಿಂತಿವೆ. ಈ ಕೈಕೊಟ್ಟ ಜಾಗಗಳು, ಅಂದರೆ ನರಸಂಧಿಗಳು, ದಿನದಿನವೂ ಬದಲಾಗುತ್ತವೆ. ಬಳಸಿದ್ದು ಗಟ್ಟಿಯಾಗುತ್ತದೆ, ಬಳಸದ್ದು ಸಡಿಲವಾಗುತ್ತದೆ. ಹೊಲದ ಬದುವಿನ ಮೇಲೆ ಜನ ನಡೆದಾಡಿದಲ್ಲಿ ಕಾಲುದಾರಿ ಮೂಡುತ್ತದೆ, ನಡೆಯುವುದು ನಿಂತರೆ ಹುಲ್ಲು ಮುಚ್ಚಿಕೊಳ್ಳುತ್ತದೆ. ಹೆಚ್ಚು ಕಡಿಮೆ ಹಾಗೆಯೇ. ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ 1949ರ ತಮ್ಮ ಪುಸ್ತಕದಲ್ಲಿ ಇದನ್ನು ಸ್ಪಷ್ಟವಾಗಿ ಬರೆದರು. ಇದೇ ಹೆಬ್ ಪ್ರಯೋಗಾಲಯದ ಕೆಲವು ಇಲಿಗಳನ್ನು ಮನೆಗೆ ಒಯ್ದು ಮಕ್ಕಳಿಗೆ ಆಡಲು ಕೊಟ್ಟಿದ್ದರು. (ಅವರ ಮನೆಯಾಕೆಯ ತಾಳ್ಮೆಯನ್ನು ಮೆಚ್ಚಬೇಕು.) ಮನೆ ತುಂಬ ಓಡಾಡಿ ಬೆಳೆದ ಆ ಇಲಿಗಳು ಮತ್ತೆ ಪ್ರಯೋಗಾಲಯಕ್ಕೆ ಬಂದಾಗ, ಪಂಜರದಲ್ಲೇ ಬೆಳೆದವುಗಳಿಗಿಂತ ಚುರುಕಾಗಿ ಸಮಸ್ಯೆ ಬಿಡಿಸಿದವು.

ಮುಟ್ಟದೆ ನುಡಿಸಿದ ಪಿಯಾನೊ

ಓಡಾಟ, ಕೆಲಸ ಮಿದುಳನ್ನು ಬದಲಿಸುತ್ತದೆ ಎಂದರೆ ಒಪ್ಪಬಹುದು. ಬರೀ ಯೋಚನೆ? ಮೇಷ್ಟ್ರು ಗೋಡೆ ನೋಡುತ್ತ ಕೂತದ್ದು?

1995ರಲ್ಲಿ ಆಲ್ವಾರೊ ಪಾಸ್ಕ್ವಾಲ್-ಲಿಯೋನ್ ಎಂಬ ನರವೈದ್ಯರೂ ಅವರ ಸಂಗಡಿಗರೂ ಪ್ರಕಟಿಸಿದ ಒಂದು ಪ್ರಯೋಗವಿದೆ. ಎಂದೂ ಪಿಯಾನೊ ನುಡಿಸದವರನ್ನು ಆರಿಸಿಕೊಂಡು, ಒಂದು ಕೈಯ ಐದು ಬೆರಳುಗಳಿಂದ ನುಡಿಸುವ ಸರಳ ಪಾಠ ಕೊಟ್ಟರು. ಒಂದು ಗುಂಪು ದಿನಕ್ಕೆ ಎರಡು ಗಂಟೆಯಂತೆ ಐದು ದಿನ ನಿಜವಾಗಿ ನುಡಿಸಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಪಿಯಾನೊ ಮುಂದೆ ಕೂತು, ಬೆರಳು ಅಲ್ಲಾಡಿಸದೆ, ನುಡಿಸುತ್ತಿದ್ದೇನೆ ಎಂದು ಮನಸ್ಸಿನಲ್ಲಿ ಕಲ್ಪಿಸಿಕೊಂಡಿತು. ದಿನವೂ ತಲೆಯ ಮೇಲೆ ಕಾಂತದ ಸುರುಳಿ ಹಿಡಿದು, ಆ ಬೆರಳುಗಳನ್ನು ಆಡಿಸುವ ಮಿದುಳಿನ ಜಾಗ ಎಷ್ಟು ಅಗಲವಾಗಿದೆ ಎಂದು ಅಳೆದರು. ನುಡಿಸಿದವರಲ್ಲಿ ಆ ಜಾಗ ಅಗಲವಾಗಿತ್ತು, ಅದು ನಿರೀಕ್ಷಿತವೇ. ಬೆರಳನ್ನೇ ಅಲ್ಲಾಡಿಸದವರಲ್ಲೂ ಅದೇ ರೀತಿ ಅಗಲವಾಗಿತ್ತು.

ನುಡಿಸುವುದರಲ್ಲಿ ಮಾತ್ರ ವ್ಯತ್ಯಾಸವಿತ್ತು. ಐದನೆಯ ದಿನ ಕಲ್ಪನೆಯ ಗುಂಪು ತಲುಪಿದ್ದು, ನುಡಿಸಿದ ಗುಂಪು ಮೂರನೆಯ ದಿನಕ್ಕೇ ತಲುಪಿದ್ದ ಮಟ್ಟವನ್ನು. ಆದರೆ ಆಮೇಲೆ ಅವರಿಗೆ ಒಂದೇ ಒಂದು ಸಲ, ಎರಡು ಗಂಟೆ, ನಿಜವಾದ ಅಭ್ಯಾಸ ಕೊಟ್ಟದ್ದೇ ತಡ, ಐದು ದಿನ ನುಡಿಸಿದವರ ಸಮಕ್ಕೆ ಬಂದರು. ಈ ಎರಡನೆಯ ಮಾತನ್ನು ದಯವಿಟ್ಟು ನೆನಪಿಡಿ. ಯೋಚನೆ ನೆಲವನ್ನು ಹದ ಮಾಡುತ್ತದೆ, ಬಿತ್ತುವ ಕೆಲಸ ಕೈಯದೇ. ವೀಣೆ ಕಲಿಯುವ ಹುಡುಗಿ ಬಸ್ಸಿನಲ್ಲಿ ಕೂತು ತೊಡೆಯ ಮೇಲೆ ಬೆರಳಾಡಿಸುವುದನ್ನು ನೀವು ನೋಡಿರಬಹುದು. ಅವಳಿಗೆ ಇದೆಲ್ಲ ಯಾರೂ ಹೇಳಬೇಕಿಲ್ಲ.

ಲಂಡನ್ನಿನ ಟ್ಯಾಕ್ಸಿ ಚಾಲಕರ ಕಥೆ ಹಲವರು ಕೇಳಿರುತ್ತೀರಿ. ಅಲ್ಲಿ ಪರವಾನಗಿ ಬೇಕಾದರೆ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಮೂರು-ನಾಲ್ಕು ವರ್ಷ ಹಿಡಿಯುತ್ತದೆ. ಎಲಿನಾರ್ ಮಗ್ವಾಯರ್ ಎಂಬ ವಿಜ್ಞಾನಿ 2000ದಲ್ಲಿ ಇಂಥ 16 ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ನೆನಪಿಗೆ ಸಂಬಂಧಿಸಿದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಇತರರಿಗಿಂತ ದೊಡ್ಡದಾಗಿತ್ತು. ಆದರೆ ಹುಟ್ಟಿನಿಂದಲೇ ಅಂಥ ಮಿದುಳಿದ್ದವರು ಟ್ಯಾಕ್ಸಿ ಕೆಲಸಕ್ಕೆ ಬಂದಿರಬಹುದಲ್ಲ? ಒಳ್ಳೆಯ ಪ್ರಶ್ನೆ. ಅದಕ್ಕೆಂದೇ ಅವರ ತಂಡ ಕಲಿಯಲು ಆಗಷ್ಟೇ ಸೇರಿದ 79 ಜನರನ್ನು ಹಿಡಿದು ವರ್ಷಗಟ್ಟಲೆ ಕಾದಿತು. 2011ರಲ್ಲಿ ಫಲಿತಾಂಶ ಬಂತು. ಪಾಸಾದದ್ದು 39 ಜನ. ಆರಂಭದಲ್ಲಿ ಎಲ್ಲರ ಮಿದುಳೂ ಒಂದೇ ರೀತಿ ಇತ್ತು. ಕೊನೆಗೆ ಬೆಳೆದದ್ದು ಪಾಸಾದವರದ್ದು ಮಾತ್ರ.

ಯೋಚನೆ ಒಳ್ಳೆಯ ದಾರಿಯನ್ನಷ್ಟೇ ಸವೆಸುವುದಿಲ್ಲ, ಕೆಟ್ಟದ್ದನ್ನೂ ಸವೆಸುತ್ತದೆ. ಗೀಳುರೋಗದವರನ್ನು ನೋಡಿ. ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂದು ಇಪ್ಪತ್ತು ಸಲ ಏಳುವವರು, ಚರ್ಮ ಒಡೆಯುವವರೆಗೆ ಕೈ ತೊಳೆಯುವವರು. ಇವರ ಮಿದುಳಿನ ಆಳದ ಕಾಡೇಟ್ ಎಂಬ ಗಂಟು ಅತಿಯಾಗಿ ಉರಿಯುತ್ತಿರುತ್ತದೆ. 1992ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ವೈದ್ಯರು ಕೆಲವರಿಗೆ ಫ್ಲೂಆಕ್ಸೆಟಿನ್ ಮಾತ್ರೆ, ಕೆಲವರಿಗೆ ಮಾತ್ರೆಯಿಲ್ಲದೆ ವರ್ತನಾ ಚಿಕಿತ್ಸೆ ಕೊಟ್ಟರು. ಸುಮಾರು ಹತ್ತು ವಾರಗಳ ನಂತರ ಪೆಟ್ ಸ್ಕ್ಯಾನ್ ಮಾಡಿದಾಗ, ಗುಣ ಕಂಡವರಲ್ಲಿ ಆ ಗಂಟಿನ ಉರಿ ಎರಡೂ ಗುಂಪುಗಳಲ್ಲಿ ತಗ್ಗಿತ್ತು. ಮಾತ್ರೆ ಮುಟ್ಟುವ ಜಾಗವನ್ನೇ ಚಿಕಿತ್ಸಕರ ಮಾತೂ ರೋಗಿಯ ಪಟ್ಟುಹಿಡಿದ ಅಭ್ಯಾಸವೂ ಮುಟ್ಟಿದ್ದವು. ಮನೋವೈದ್ಯರ ಬಳಿ ಹೋಗಿ ಎಂದರೆ "ಬರೀ ಮಾತಾಡಿ ಕಳಿಸ್ತಾರೆ" ಎಂದು ಮೂಗು ಮುರಿಯುವವರಿಗೆ ನಾನು ಈ ಕಥೆ ಹೇಳುತ್ತೇನೆ. ಆದರೆ ಇದನ್ನು ಓದಿ ಯಾರೂ ನುಂಗುತ್ತಿರುವ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಅಂಬೆಗಾಲಿಟ್ಟ ಪ್ರೊಫೆಸರ್

ಲಕ್ವದ ವಿಷಯಕ್ಕೆ ಬರೋಣ. ನ್ಯೂಯಾರ್ಕಿನಲ್ಲಿ ಪೇದ್ರೊ ಬಾಕ್-ಇ-ರೀಟಾ ಎಂಬ ಪ್ರೊಫೆಸರ್ ಇದ್ದರು. ಸ್ಪೇನಿನ ಕ್ಯಾಟಲನ್ ಭಾಷೆಯ ಕವಿ. 1950ರ ದಶಕದ ಕೊನೆಯಲ್ಲಿ, ಅವರಿಗೆ 65 ವರ್ಷವಿದ್ದಾಗ, ಲಕ್ವ ಹೊಡೆಯಿತು. ಅರ್ಧ ದೇಹ ಬಿದ್ದುಹೋಯಿತು, ಮಾತು ನಿಂತಿತು. ನಾಲ್ಕು ವಾರ ಆಸ್ಪತ್ರೆಯ ವ್ಯಾಯಾಮ ಮಾಡಿಸಿದರೂ ಗುಣ ಕಾಣಲಿಲ್ಲ. ಇನ್ನು ಇಷ್ಟೇ ಎಂದು ವೈದ್ಯರು ಕೈಬಿಟ್ಟರು. ಮಗ ಜಾರ್ಜ್ ಮೆಕ್ಸಿಕೊದಲ್ಲಿ ವೈದ್ಯಕೀಯ ಓದುತ್ತಿದ್ದ. ತಂದೆಯನ್ನು ಅಲ್ಲಿಗೇ ಕರೆದುಕೊಂಡು ಹೋದ.

ಲಕ್ವದ ಚಿಕಿತ್ಸೆಯ ಬಗ್ಗೆ ಅವನಿಗೆ ಏನೂ ಗೊತ್ತಿರಲಿಲ್ಲ. ನನಗೆ ಅನ್ನಿಸುವಂತೆ ಅದೇ ಒಳ್ಳೆಯದಾಯಿತು. ಮಗು ನಡೆಯುವ ಮೊದಲು ಅಂಬೆಗಾಲಿಡುತ್ತದೆ, ಅಪ್ಪನೂ ಹಾಗೆಯೇ ಮೊದಲಿಂದ ಕಲಿಯಲಿ ಎಂದುಕೊಂಡ. ಮಂಡಿಗೆ ರಕ್ಷೆ ಕಟ್ಟಿ, ಬಲವಿಲ್ಲದ ಭುಜವನ್ನು ಗೋಡೆಗೆ ಆನಿಸಿ, ಪ್ರೊಫೆಸರರನ್ನು ತೆವಳಿಸಿದ. ಅಂಗಳದಲ್ಲೂ ತೆವಳಿಸಿದ್ದರಿಂದ ನೆರೆಹೊರೆಯವರು ಛೀಮಾರಿ ಹಾಕಿದರಂತೆ: ಮುದುಕರನ್ನು ನಾಯಿಯ ಹಾಗೆ ನಡೆಸುತ್ತಾನಲ್ಲ ಎಂದು. ನಮ್ಮೂರುಗಳಲ್ಲಾದರೂ ಇದೇ ಮಾತು ಬರುತ್ತಿತ್ತು. ಗೋಲಿ ಉರುಳಿಸಿ ರೋಗದ ಕೈಯಿಂದ ಹಿಡಿಯುವುದು, ಪಾತ್ರೆ ತೊಳೆಯುವಾಗ ಆ ಕೈಯಿಂದಲೇ ಸುತ್ತಲೂ ಉಜ್ಜುವುದು, ದಿನಕ್ಕೆ ಗಂಟೆಗಟ್ಟಲೆ, ತಿಂಗಳುಗಟ್ಟಲೆ ನಡೆಯಿತು. ಸುಮಾರು ಒಂದು ವರ್ಷ ಕಳೆಯುವ ಹೊತ್ತಿಗೆ ಅವರು ಮತ್ತೆ ಪಾಠ ಮಾಡುವಷ್ಟಾದರು. ಕಾಲೇಜಿಗೆ ಮರಳಿದರು. 1965ರಲ್ಲಿ, 72ನೆಯ ವಯಸ್ಸಿನಲ್ಲಿ, ಕೊಲಂಬಿಯಾದಲ್ಲಿ ಬೆಟ್ಟ ಹತ್ತುವಾಗ ಹೃದಯಾಘಾತದಿಂದ ತೀರಿಕೊಂಡರು.

ಶವಪರೀಕ್ಷೆಯಲ್ಲಿ ಅವರ ಮಿದುಳನ್ನು ನೋಡಿದವರು ಬೆರಗಾದರು. ಮಿದುಳಿನಿಂದ ಬೆನ್ನುಹುರಿಗೆ ಇಳಿಯುವ ನರಗಳ ಬಹುಪಾಲು ನಾಶವಾಗಿತ್ತು. ಆ ಗಾಯ ವಾಸಿಯಾಗಿರಲಿಲ್ಲ, ಹಾಗೆಯೇ ಇತ್ತು. ಉಳಿದಿದ್ದ ಅಷ್ಟಿಷ್ಟು ನರಗಳೇ ಹೊಸದಾಗಿ ಕೆಲಸ ಹಂಚಿಕೊಂಡು ಆ ಮನುಷ್ಯನನ್ನು ಬೆಟ್ಟ ಹತ್ತಿಸಿದ್ದವು. ಇನ್ನೊಬ್ಬ ಮಗ ಪಾಲ್ ಅದಾಗಲೇ ಮಿದುಳಿನ ವಿಜ್ಞಾನಿ. ತಂದೆಯ ಮಿದುಳಿನ ಚಿತ್ರಗಳನ್ನು ನೋಡಿದ ಮೇಲೆ ಆತ ತನ್ನ ವೃತ್ತಿಯನ್ನೇ ಪುನಶ್ಚೇತನ ವೈದ್ಯಕ್ಕೆ ತಿರುಗಿಸಿದರು.

ಒಬ್ಬರ ಕಥೆಯಿಂದ ಎಲ್ಲರಿಗೂ ವಿಧಿ ಬರೆಯಬಾರದು. ಅದಕ್ಕೇ ಮುಂದಿನದನ್ನು ಹೇಳುತ್ತೇನೆ. ಎಡ್ವರ್ಡ್ ಟಾಬ್ ಎಂಬ ಅಮೆರಿಕದ ವಿಜ್ಞಾನಿ ಕೋತಿಗಳಲ್ಲಿ ಒಂದು ಸಂಗತಿ ಗಮನಿಸಿದರು. ಒಂದು ಕೈಯ ಸಂವೇದನೆ ಹೋದ ಕೋತಿ ಮೊದಮೊದಲು ಆ ಕೈ ಬಳಸಲು ನೋಡುತ್ತದೆ, ಆಗುವುದಿಲ್ಲ, ಬೀಳುತ್ತದೆ. ಆಮೇಲೆ ಒಳ್ಳೆಯ ಕೈಯಲ್ಲೇ ಎಲ್ಲವನ್ನೂ ನಿಭಾಯಿಸುತ್ತದೆ. ಮುಂದೆ ಕೆಟ್ಟ ಕೈಗೆ ಶಕ್ತಿ ಬಂದರೂ ಅದನ್ನು ಬಳಸುವುದನ್ನೇ ಮರೆತಿರುತ್ತದೆ. ಒಳ್ಳೆಯ ಕೈಯನ್ನು ಕಟ್ಟಿಹಾಕಿದರೆ ಮಾತ್ರ ಇನ್ನೊಂದು ಕೈ ಮುಂದೆ ಬರುತ್ತದೆ. (ಆ ಕೋತಿಗಳನ್ನು ಇಟ್ಟುಕೊಂಡಿದ್ದ ರೀತಿಯ ಬಗ್ಗೆ 1981ರಲ್ಲಿ ದೊಡ್ಡ ಗಲಾಟೆಯಾಗಿ ಕೋರ್ಟಿನವರೆಗೆ ಹೋಯಿತು. ಆ ಮೂಕಪ್ರಾಣಿಗಳ ಋಣ ಲಕ್ವ ರೋಗಿಗಳ ಮೇಲಿದೆ.) ಇದರಿಂದ ಹುಟ್ಟಿದ ಚಿಕಿತ್ಸೆಯಲ್ಲಿ ರೋಗಿಯ ಒಳ್ಳೆಯ ಕೈಗೆ ದಪ್ಪ ಕೈಗವಸು ಹಾಕಿ, ಎರಡು ವಾರ ಎಚ್ಚರವಿರುವ ಹೊತ್ತಿನ ಬಹುಪಾಲು ರೋಗದ ಕೈಯನ್ನೇ ದುಡಿಸುತ್ತಾರೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 222 ರೋಗಿಗಳಿದ್ದರು. ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾದವರು. ಹೀಗೆ ದುಡಿಸಿದವರ ಕೈ ಇತರರಿಗಿಂತ ಚೆನ್ನಾಗಿ ಸುಧಾರಿಸಿತು, ವರ್ಷದ ನಂತರವೂ ಅದು ಉಳಿದಿತ್ತು. ನನ್ನ ಆರು ತಿಂಗಳ ಗಡುವಿನ ಮಾತು ಎಷ್ಟು ಪೊಳ್ಳು ಎಂದು ಅದನ್ನು ಓದಿದ ದಿನ ಗೊತ್ತಾಯಿತು.

ಇದಕ್ಕೊಂದು ಷರತ್ತಿದೆ. ಮಣಿಕಟ್ಟು, ಬೆರಳು ಅಷ್ಟಾದರೂ ಆಡುತ್ತಿರಬೇಕು. ಪೂರ್ತಿ ಜೋತುಬಿದ್ದ ಕೈಗೆ ಈ ವಿಧಾನ ಹೊಂದುವುದಿಲ್ಲ. ಮೇಷ್ಟ್ರ ಕೈಯನ್ನು ಮೇಜಿನ ಮೇಲಿಟ್ಟು ಬಿಡಿಸಲು ಹೇಳಿದೆ. ಮಣಿಕಟ್ಟು ಸ್ವಲ್ಪ ಎದ್ದಿತು, ಹೆಬ್ಬೆರಳು ಮತ್ತು ಎರಡು ಬೆರಳು ಕೂದಲೆಳೆಯಷ್ಟು ತೆರೆದವು. ಮನೆಯಲ್ಲಿ ಇದನ್ನು ಯಾರೂ ನೋಡಿರಲಿಲ್ಲ. ಏಕೆಂದರೆ ಊಟ, ಸ್ನಾನ, ಗುಂಡಿ ಹಾಕುವುದು ಎಲ್ಲವನ್ನೂ ಪ್ರೀತಿಯಿಂದ ಅವರೇ ಮಾಡಿಬಿಡುತ್ತಿದ್ದರು.

ಒಂದೇ ಅಚ್ಚಿನ ನಲವತ್ತು ಇಲಿಗಳು

ಅಷ್ಟರಲ್ಲಿ ಮಗ ಕೇಳಿದರು: "ಸಾರ್, ನಮ್ಮ ಹಿಂದಿನ ಬೀದಿಯವರಿಗೂ ಇದೇ ಆಗಿತ್ತು. ಮೂರು ತಿಂಗಳಿಗೆ ಸ್ಕೂಟರ್ ಓಡಿಸಿದರು. ಅಪ್ಪನಿಗೆ ಯಾಕೆ ಆಗಲಿಲ್ಲ?" ಪ್ರತಿ ಮನೆಯಲ್ಲೂ ಈ ಪ್ರಶ್ನೆ ಬರುತ್ತದೆ. ಪೆಟ್ಟು ಬಿದ್ದ ಜಾಗ ಯಾವುದು, ಎಷ್ಟು ದೊಡ್ಡದು ಎಂಬುದೇ ಮೊದಲ ಉತ್ತರ. ಆದರೆ ಒಬ್ಬರ ಮಿದುಳು ಇನ್ನೊಬ್ಬರ ಮಿದುಳಿನಂತೆ ಇರುವುದೇ ಇಲ್ಲ ಎಂಬುದೂ ಒಂದು ಉತ್ತರ.

ದನ ಸಾಕಿದವರಿಗೆ ಇದು ಹೊಸ ವಿಷಯವಲ್ಲ. ಒಂದು ಹಸು ಯಾರು ಬಂದರೂ ಹಾಲು ಕೊಡುತ್ತದೆ, ಅದರ ತಂಗಿ ಮನೆಯಾಕೆಯ ಕೈ ಬಿಟ್ಟು ಬೇರೆಯವರ ಕೈಗೆ ಒದೆಯುತ್ತದೆ. ಒಂದೇ ಸೂಲಿನ ನಾಯಿಮರಿಗಳಲ್ಲಿ ಒಂದು ಅಂಜುಬುರುಕ, ಒಂದು ಪುಂಡ. ವಿಜ್ಞಾನಿಗಳು ಮಾತ್ರ ಪ್ರಾಣಿಗಳಿಗೆ ಸ್ವಭಾವವಿದೆ ಎಂದು ಹೇಳಲು ಬಹಳ ಕಾಲ ಹಿಂಜರಿದರು. 1993ರಲ್ಲಿ ಜೆನಿಫರ್ ಮೇದರ್ ಮತ್ತು ರೋಲಂಡ್ ಆಂಡರ್ಸನ್ ಸಿಯಾಟಲ್‌ನ ಮತ್ಸ್ಯಾಗಾರದಲ್ಲಿ 44 ಆಕ್ಟೋಪಸ್‌ಗಳನ್ನು ಪರೀಕ್ಷಿಸಿದರು. ತೊಟ್ಟಿಯ ಮುಚ್ಚಳ ತೆರೆದಾಗ, ಬ್ರಷ್ಷಿನಿಂದ ಮುಟ್ಟಿದಾಗ, ಏಡಿ ಹಾಕಿದಾಗ ಪ್ರತಿಯೊಂದೂ ಏನು ಮಾಡುತ್ತದೆ ಎಂದು ಬರೆದಿಟ್ಟರು. ಬೆನ್ನೆಲುಬೂ ಇಲ್ಲದ ಜೀವಿ. ಅದರಲ್ಲೂ ಧೈರ್ಯದ್ದು, ಪುಕ್ಕಲಿನದು, ರೇಗುವುದು, ತಣ್ಣಗಿರುವುದು ಎಂದು ಸ್ವಭಾವಗಳು ಬೇರೆಬೇರೆ ಕಂಡವು.

ಸ್ವಭಾವ ರಕ್ತದಲ್ಲೇ ಬರುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಅರ್ಧ ನಿಜ. 2013ರಲ್ಲಿ ಜರ್ಮನಿಯಲ್ಲಿ ಗೆರ್ಡ್ ಕೆಂಪರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ವಂಶವಾಹಿಗಳಲ್ಲಿ ಒಂದಕ್ಕೊಂದು ವ್ಯತ್ಯಾಸವೇ ಇಲ್ಲದ 40 ಇಲಿಮರಿಗಳನ್ನು ಅವರು ಆರಿಸಿಕೊಂಡರು. ಐದು ಅಂತಸ್ತಿನ ದೊಡ್ಡ ಪಂಜರದಲ್ಲಿ, ಕೊಳವೆ, ಗೂಡು, ಆಟಿಕೆಗಳ ನಡುವೆ, ಎಲ್ಲವನ್ನೂ ಒಟ್ಟಿಗೆ ಬಿಟ್ಟರು. ಪ್ರತಿಯೊಂದಕ್ಕೂ ಗುರುತಿನ ಸೂಕ್ಷ್ಮ ಚಿಪ್ ಹಾಕಿ ಮೂರು ತಿಂಗಳು ಅವುಗಳ ಓಡಾಟವನ್ನು ದಾಖಲಿಸಿದರು. ಒಂದೇ ರಕ್ತ, ಒಂದೇ ಮನೆ, ಒಂದೇ ಊಟ. ಆದರೂ ದಿನ ಕಳೆದಂತೆ ಅವು ಬೇರೆಬೇರೆಯಾಗುತ್ತ ಹೋದವು. ಕೆಲವು ಮೂಲೆಮೂಲೆ ಸುತ್ತಿದವು, ಕೆಲವು ಕೂತಲ್ಲೇ ಕೂತವು. ಕೊನೆಗೆ ಮಿದುಳು ಪರೀಕ್ಷಿಸಿದಾಗ, ಹೆಚ್ಚು ಸುತ್ತಿದವುಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳೂ ಹೆಚ್ಚು ಹುಟ್ಟಿದ್ದವು.

ಇಲಿಯ ಲೆಕ್ಕವನ್ನು ಮನುಷ್ಯನಿಗೆ ನೇರ ಹಚ್ಚಬಾರದು. ಆದರೂ ಮಗನಿಗೆ ನಾನು ಇದನ್ನೇ ಹೇಳಿದೆ. ಹಿಂದಿನ ಬೀದಿಯವರ ಜೊತೆ ಅಪ್ಪನನ್ನು ತೂಗಬೇಡಿ. ಅದರಲ್ಲೂ ಅಪ್ಪನ ಎದುರಿಗೆ ತೂಗಬೇಡಿ.

ಕೇಳಿಸಿಕೊಳ್ಳುತ್ತಿರುವವರು

ಈ "ಎದುರಿಗೆ" ಎಂಬ ಮಾತನ್ನು ಸ್ವಲ್ಪ ಬೆಳೆಸಬೇಕು. ಐ.ಸಿ.ಯು.ನಲ್ಲಿ, ಮನೆಯ ಮಂಚದಲ್ಲಿ, ಕಣ್ಣು ಬಿಟ್ಟು ಮಲಗಿ ಯಾವುದಕ್ಕೂ ಪ್ರತಿಕ್ರಿಯೆ ತೋರದ ರೋಗಿಗಳಿರುತ್ತಾರೆ. ಅವರ ಪಕ್ಕದಲ್ಲೇ ನಿಂತು ಜನ ಏನೇನು ಮಾತಾಡುತ್ತಾರೆ ಎಂದು ನಾನು ಕೇಳಿದ್ದೇನೆ. ಖರ್ಚಿನ ಮಾತು, ಆಸ್ತಿ ಭಾಗದ ಮಾತು, "ಬೇಗ ಮುಕ್ತಿ ಸಿಕ್ಕರೆ ಸಾಕು" ಎಂಬ ಮಾತು. ನಾವು ವೈದ್ಯರೂ ಕಡಿಮೆಯೇನಲ್ಲ.

2006ರಲ್ಲಿ ಇಂಗ್ಲೆಂಡಿನ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ರಸ್ತೆ ಅಪಘಾತದಲ್ಲಿ ಮಿದುಳಿಗೆ ಪೆಟ್ಟಾಗಿ ಐದು ತಿಂಗಳಿಂದ ಹೀಗೆ ಮಲಗಿದ್ದ 23 ವರ್ಷದ ಯುವತಿಯನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ, "ಟೆನಿಸ್ ಆಡುತ್ತಿದ್ದೀ ಎಂದು ಕಲ್ಪಿಸಿಕೋ" ಎಂದರು. ಆರೋಗ್ಯವಂತರು ಹಾಗೆ ಕಲ್ಪಿಸಿಕೊಂಡಾಗ ಮಿದುಳಿನ ಯಾವ ಭಾಗ ಬೆಳಗುತ್ತದೋ ಅವಳಲ್ಲೂ ಅದೇ ಬೆಳಗಿತು. "ನಿನ್ನ ಮನೆಯ ಕೋಣೆಗಳಲ್ಲಿ ಓಡಾಡು" ಎಂದರೆ ಬೇರೆ ಭಾಗ. ರೆಪ್ಪೆಯನ್ನೂ ಹೇಳಿದಂತೆ ಆಡಿಸಲಾಗದ ಹುಡುಗಿ ಮಾತನ್ನು ಕೇಳಿ, ಅರ್ಥ ಮಾಡಿಕೊಂಡು, ಹೇಳಿದ್ದನ್ನು ಯೋಚಿಸುತ್ತಿದ್ದಳು. 2010ರಲ್ಲಿ 54 ರೋಗಿಗಳನ್ನು ನೋಡಿದಾಗ ಐವರು ಹೀಗೆ ಉತ್ತರಿಸಿದರು. ಅವರಲ್ಲಿ ಒಬ್ಬ, ಹೌದು ಎಂದರೆ ಟೆನಿಸ್, ಇಲ್ಲ ಎಂದರೆ ಮನೆ ಎಂಬ ಒಪ್ಪಂದದ ಮೇಲೆ, ತನ್ನ ಮನೆಯವರ ಬಗೆಗಿನ ಪ್ರಶ್ನೆಗಳಿಗೆ ಸರಿಯುತ್ತರ ಕೊಟ್ಟ. 2024ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಅಧ್ಯಯನದಲ್ಲಿ, ಹಾಸಿಗೆಯ ಪಕ್ಕದಲ್ಲಿ ಯಾವ ಆಜ್ಞೆಗೂ ಸ್ಪಂದಿಸದ 241 ಜನರಲ್ಲಿ 60 ಜನರ ಮಿದುಳು ಸ್ಪಂದಿಸಿತು. ನಾಲ್ವರಲ್ಲಿ ಒಬ್ಬರು.

ಈ ಪರೀಕ್ಷೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಆಗುವಂಥದಲ್ಲ. ಆ ನಾಲ್ವರಲ್ಲಿ ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಮುಖ ನೋಡಿ ಹೇಳಲೂ ಆಗದು. ಆದ್ದರಿಂದ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ತಿಳಿದು ಮಾತಾಡಿ. ಹೆಸರು ಹಿಡಿದು ಕರೆಯಿರಿ, ಇವತ್ತು ಯಾವ ವಾರ, ಯಾರು ಬಂದಿದ್ದಾರೆ ಎಂದು ಹೇಳಿ. ಆಸ್ತಿಯ ಮಾತು ವರಾಂಡದಲ್ಲಿ ಆಗಲಿ.

ಇನ್ನು ಮನೆಯಲ್ಲಿ ಏನು ಮಾಡಬೇಕು? ಮೇಷ್ಟ್ರ ಸೊಸೆಗೆ ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ದಿನಕ್ಕೆ ಎರಡು ಹೊತ್ತು, ಗದ್ದಲವಿಲ್ಲದ ಕಡೆ ಕೂತು, ಹದಿನೈದು-ಇಪ್ಪತ್ತು ನಿಮಿಷ ಒಂದೇ ಒಂದು ಕೆಲಸವನ್ನು ಕಲ್ಪಿಸಿಕೊಳ್ಳಲಿ. ಸೀಮೆಸುಣ್ಣ ತೆಗೆದುಕೊಳ್ಳುವುದು, ಅದರ ಒರಟು, ಅಕ್ಷರದ ತಿರುವು, ಕೊನೆಗೆ ಬೆರಳಿಗೆ ಅಂಟಿದ ಪುಡಿ, ಎಲ್ಲವೂ ಬರಬೇಕು. ಬೇರೆಯವರು ಬರೆಯುವುದನ್ನು ನೋಡಿದಂತಲ್ಲ, ತನ್ನ ಕೈಯೇ ಬರೆದಂತೆ. ಅದು ಮುಗಿದ ಕೂಡಲೇ ಅದೇ ಕೆಲಸವನ್ನು ನಿಜವಾದ ಕೈಯಿಂದ ಪ್ರಯತ್ನಿಸಬೇಕು. ಇಲ್ಲದಿದ್ದರೆ ಹಗಲುಗನಸು ಅಷ್ಟೆ. ಎಡಗೈಗೆ ಗವಸು ಹಾಕುವುದನ್ನು ಫಿಸಿಯೋಥೆರಪಿಸ್ಟರನ್ನು ಕೇಳಿಯೇ ಮಾಡಿ. ಕೋಲು ಹಿಡಿದು ನಡೆಯುವಾಗ, ಬಚ್ಚಲಿಗೆ ಹೋಗುವಾಗ ಗವಸು ಖಂಡಿತ ಬೇಡ, ಬಿದ್ದು ಸೊಂಟ ಮುರಿದರೆ ಇನ್ನೊಂದು ರಾಮಾಯಣ. ಉಳಿದಂತೆ ಕೈಗೆ ಮನೆಕೆಲಸ ಕೊಡಿ. ಅವರೆಕಾಯಿ ಬಿಡಿಸಲಿ, ಟವೆಲ್ ಮಡಚಲಿ, ಚೆಲ್ಲಿದರೆ ಚೆಲ್ಲಲಿ. ನಿಮಗೆ ಎರಡು ನಿಮಿಷದ ಕೆಲಸ ಅವರಿಗೆ ಅರ್ಧ ಗಂಟೆ ಹಿಡಿದೀತು. ಆ ಅರ್ಧ ಗಂಟೆಯೇ ಔಷಧ. ಬಿ.ಪಿ., ಸಕ್ಕರೆಯ ಮಾತ್ರೆ ತಪ್ಪಿಸಬೇಡಿ. ಲಕ್ವವಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಊಟ ಬೇಡ, ನಿದ್ದೆಯಿಲ್ಲ, ಮಾತು ಕಡಿಮೆಯಾಯಿತು ಎಂದರೆ ಮುಪ್ಪಿನ ಮೊಂಡುತನ ಎಂದುಕೊಳ್ಳದೆ ವೈದ್ಯರಿಗೆ ಹೇಳಿ. ಪಾರಿವಾಳದ ರಕ್ತ ಹಚ್ಚಿಸಲು ಕರೆದೊಯ್ಯುವ ಹಿತೈಷಿಗಳು ಪ್ರತಿ ಊರಿನಲ್ಲೂ ಇದ್ದಾರೆ. ಪಾರಿವಾಳ ಸಾಯುತ್ತದೆ, ಅಷ್ಟೇ ಆಗುವುದು.

ಈ ಎಲ್ಲ ಕಷ್ಟಕ್ಕಿಂತ ಸುಲಭವಾದದ್ದು ಮೊದಲ ದಿನ ಬೇಗ ಹೊರಡುವುದು. ಬಾಯಿ ಸೊಟ್ಟಗಾಯಿತು, ಒಂದು ಕೈ ಬಿತ್ತು, ಮಾತು ತೊದಲಿತು ಎಂದರೆ, ಅದು ಐದೇ ನಿಮಿಷದಲ್ಲಿ ಸರಿಹೋದರೂ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂಬ ಲೆಕ್ಕವಿದೆ. ಬೆಳಗಾಗಲಿ ನೋಡೋಣ ಎಂದು ಮಲಗಿದ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ಮೇಷ್ಟ್ರದೂ ಅದರಲ್ಲೊಂದು.

ಅವರು ಹೋದ ಶುಕ್ರವಾರ ಬಂದಿದ್ದರು. ಅಂಗಿಯ ಗುಂಡಿಗೆ ಇನ್ನೂ ಸೊಸೆಯೇ ಬೇಕು. ಚಮಚ ಹಿಡಿದು ಉಪ್ಪಿಟ್ಟು ತಿನ್ನುತ್ತಾರೆ, ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ. ಮೊಮ್ಮಗಳ ಸ್ಲೇಟನ್ನು ಚೀಲದಲ್ಲಿ ತಂದಿದ್ದರು. ನನ್ನ ಮೇಜಿನ ಮೇಲಿಟ್ಟು, ನಾಲಗೆ ಕಚ್ಚಿಕೊಂಡು, ಬಲಗೈಯಲ್ಲಿ ಒಂದು 'ಅ' ಬರೆದರು. ಸೊಟ್ಟಗಿತ್ತು. "ಒಂದನೇ ಕ್ಲಾಸಿನವರದ್ದು ಇನ್ನೂ ಚೆನ್ನಾಗಿರ್ತದೆ" ಎಂದು ತಾವೇ ಹೇಳಿ, ಅಳಿಸಿ, ಮತ್ತೆ ಬರೆಯಲು ಶುರುಮಾಡಿದರು. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು.